ಜಾಲಿ ಕಡಿದ ನೆಲ, ಚಿಗರಿಯ ಮೇವು

ಬಳ್ಳಾರಿಯ ಹೆಸರು ಹೊತ್ತು ಕನ್ನಡ ನಾಡಿನ ಹಳ್ಳಿಹಳ್ಳಿಯಲ್ಲಿಯೂ ಬೆಳೆದು ನಿಂತಿರುವ ಜಾಲಿಯು ವಾಸ್ತವವಾಗಿ ಬಳ್ಳಾರಿಯದಲ್ಲ. ಅದರ ತವರು ಅಮೆರಿಕ ಖಂಡ. ಹಿಂದಿನ ಶತಮಾನಕ್ಕೂ ಹಿಂದೆ, 1870ರ ದಶಕದಲ್ಲಿ, ನೆರೆಯ ಕಡಪ ಸೀಮೆಯಲ್ಲಿ ಸೌದೆಯ ಆಸೆಗೆ ಇದನ್ನು ನೆಟ್ಟರು. ಇಂದು ಹಗರಿಯ ಮರಳ ದಂಡೆ, ಕುರುಗೋಡಿನ ಕಲ್ಲುಗುಡ್ಡಗಳ ಬುಡ, ಸಿರುಗುಪ್ಪದ ಹಳ್ಳದ ಬದು, ಎಲ್ಲಿ ನೋಡಿದರೂ ಇದರದೇ ರಾಜ್ಯ. ನೆಟ್ಟ ಮರಕ್ಕೆ ನಾಡು ಋಣಿಯಾಗಿರಬೇಕೆಂಬ ಮಾತು ಈ ಮರದ ವಿಷಯದಲ್ಲಿ ಅಷ್ಟಾಗಿ ಸಲ್ಲದು.

ಇದರಿಂದ ಹೆಚ್ಚು ನೊಂದ ಪ್ರಾಣಿ ಚಿಗರಿ, ಅರ್ಥಾತ್ ಕೃಷ್ಣಮೃಗ. ಜನರು ಇದನ್ನು ಜಿಂಕೆಯೆಂದೇ ಕರೆಯುವುದು ವಾಡಿಕೆ. ಆದರೆ ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರುತ್ತದೆ, ಚಿಗರಿಯ ಸುರುಳಿಗೊಂಬು ಉದುರುವುದಿಲ್ಲ. ಬಯಲೇ ಇದರ ಮನೆ, ಹುಲ್ಲೇ ಇದರ ಅನ್ನ. ದೂರದವರೆಗೆ ಕಣ್ಣು ಹಾಯುವಂತಿದ್ದರೆ, ಓಡಲು ತೆರಪಿದ್ದರೆ ಮಾತ್ರ ಇದಕ್ಕೆ ನೆಮ್ಮದಿ. ಮುಳ್ಳುಪೊದೆಯ ನಡುವೆ ಆ ಓಟದಿಂದ ಏನು ಪ್ರಯೋಜನ?

ಅರಸರು ಪಳಗಿಸಿದ ಚೀತಾಗಳನ್ನು ಬಿಟ್ಟು ಕೃಷ್ಣಮೃಗವನ್ನು ಬೇಟೆಯಾಡುತ್ತಿದ್ದ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅದಕ್ಕೆ ಪೂರ್ಣ ರಕ್ಷಣೆ ಕೊಟ್ಟಿತು. ಆದರೆ ಕಾಯಿದೆಯು ಪ್ರಾಣವನ್ನು ಕಾಯಬಲ್ಲದೇ ಹೊರತು ಹುಲ್ಲನ್ನು ಬೆಳೆಸಲಾರದು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ಸಿರುಗುಪ್ಪದ ಎರೆಹೊಲಗಳು ಬಹುಪಾಲು ಭತ್ತದ ಗದ್ದೆಗಳಾದವು. ಉಳಿದ ಬಂಜರನ್ನು ಜಾಲಿ ಆಕ್ರಮಿಸಿತು. ಹುಲ್ಲಿಲ್ಲದ ಚಿಗರಿಯ ಹಿಂಡು ಜೋಳದ ಹೊಲಕ್ಕೆ ನುಗ್ಗುತ್ತದೆ. ರಾತ್ರಿಯೆಲ್ಲ ಎಚ್ಚರವಿರುವ ರೈತನಿಗೆ ಆಗ ಅದು ಮೃಗವಾಗಿ ಕಾಣದೆ ಮಾರಿಯಾಗಿ ಕಾಣುತ್ತದೆ. ಬೆಳೆನಷ್ಟಕ್ಕೆ ಸರ್ಕಾರದ ಪರಿಹಾರ ಉಂಟು. ಆದರೆ ಕೆಟ್ಟ ನಿದ್ದೆಗೆ ಪರಿಹಾರವಿಲ್ಲ.

ಅಮೆರಿಕದ ಬೇಟೆಗಾರರು ಮರ ಕಡಿದ ಕಾಡನ್ನು ಜಿಂಕೆಯ ಮೇವಿನ ತಾಣವಾಗಿ ಮಾಡಿಕೊಳ್ಳುತ್ತಾರೆ. ನೆರಳು ಸರಿದು ನೆಲಕ್ಕೆ ಬಿಸಿಲು ಬಿದ್ದೊಡನೆ ಚಿಗುರು ಏಳುತ್ತದೆ, ಜಿಂಕೆ ಬರುತ್ತದೆ. ಬಳ್ಳಾರಿ ಸೀಮೆಯಲ್ಲಿಯೂ ಇದ್ದಿಲಿಗಾಗಿ, ಸೌದೆಗಾಗಿ ಜಾಲಿಯನ್ನು ಕಡಿಯುವುದು ನಡೆದೇ ಇದೆ. ಹಾಗಿದ್ದರೂ ಹುಲ್ಲು ಏಕೆ ಮರಳುವುದಿಲ್ಲ?

ಕಾರಣ ಬೊಡ್ಡೆಯಲ್ಲಿದೆ. ನೆಲದ ಮೇಲೆ ಕಡಿದ ಜಾಲಿಯ ಬುಡದಿಂದ ಒಂದಕ್ಕೆ ಹತ್ತು ಕವಲು ಒಡೆಯುತ್ತವೆ. ಎರಡು ಮೂರು ಮಳೆಗಾಲದೊಳಗೆ ಮೊದಲಿಗಿಂತ ದಟ್ಟವಾದ ಪೊದೆ. ಇದ್ದಿಲು ಸುಡುವವನಿಗೆ ಇದು ಲಾಭವೇ. ಮತ್ತೆ ಚಿಗುರಲೆಂದೇ ಅವನು ಬೊಡ್ಡೆಯನ್ನು ಉಳಿಸುತ್ತಾನೆ. ಬಡವನ ಆ ಲೆಕ್ಕಾಚಾರವನ್ನು ತಪ್ಪೆನ್ನುವಂತಿಲ್ಲ. ಚಿಗರಿಗೆ ನೆಲ ಬೇಕಾದರೆ ಮಾತ್ರ ಗೇಣುದ್ದ ಮಣ್ಣು ತೋಡಿ, ಮೊಗ್ಗೊಡೆಯುವ ಬುಡವನ್ನೇ ಕಿತ್ತುಹಾಕಬೇಕು. ಮಣ್ಣು ಹಸಿಯಾಗಿರುವಾಗ ಈ ಕೆಲಸ ಸುಲಭ.

ಅಲ್ಲಿಗೂ ಮುಗಿಯಲಿಲ್ಲ. ಸಿಹಿಯಾದ ಜಾಲಿಕಾಯಿಯನ್ನು ದನಕುರಿಗಳು ತಿನ್ನುತ್ತವೆ, ಚಿಗರಿಯೂ ತಿನ್ನುತ್ತದೆ. ಗಟ್ಟಿ ಬೀಜ ಜೀರ್ಣವಾಗದೆ ಹಿಕ್ಕೆಯೊಡನೆ ಹೊಸ ನೆಲ ಸೇರುತ್ತದೆ. ತನ್ನ ಬಯಲನ್ನು ಮುಚ್ಚುವ ಶತ್ರುವನ್ನು ತಾನೇ ಬಿತ್ತುವ ಈ ಮೃಗದ ಪಾಡು ವಿಚಿತ್ರವಾದದ್ದು. ಆದುದರಿಂದ ಕಾಯಿ ಕಟ್ಟುವ ಮುನ್ನವೇ ಕಡಿಯುವುದು ಲೇಸು. ಮಳೆ ಬಿದ್ದೊಡನೆ ತಲೆಯೆತ್ತುವ ಸಸಿಗಳನ್ನು ಬೇರು ಇಳಿಯುವ ಮೊದಲೇ ಕೈಯಿಂದ ಕೀಳಬೇಕು, ಅದೂ ಹಲವು ವರ್ಷ ಬಿಡದೆ. ಗರಿಕೆ, ಕರಡ ಬೇರೂರುವವರೆಗೆ ದನಗಳನ್ನು ದೂರವಿಡಬೇಕು.

ಇನ್ನೊಂದು ಎಚ್ಚರ. ಖಾಲಿ ಬಯಲನ್ನು ಕಂಡೊಡನೆ ಸಸಿ ನೆಡಬೇಕೆಂಬ ಉತ್ಸಾಹ ಹಲವರಿಗೆ ಬರುತ್ತದೆ. ರಾಣೆಬೆನ್ನೂರಿನಲ್ಲಿ ಆದದ್ದು ಇದೇ. ಅಲ್ಲಿ ಹುಲ್ಲುಬಯಲಿನಲ್ಲಿ ನೀಲಗಿರಿ ನೆಟ್ಟರು. ಬಳಿಕ 1974ರಲ್ಲಿ ಅದೇ ಪ್ರದೇಶವು ಕೃಷ್ಣಮೃಗ ಅಭಯಾರಣ್ಯವೆನಿಸಿತು. ನೀಲಗಿರಿ ದಟ್ಟವಾಗಿ ಬೆಳೆದಂತೆ ಹುಲ್ಲು ಸೊರಗಿತು. ಎರೆಭೂತವೆಂಬ ದೊಡ್ಡ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು, ಚಿಗರಿಗಳು ಸುತ್ತಲಿನ ಹೊಲಗಳನ್ನು ಹಿಡಿದವು.

ಬೊಡ್ಡೆ ಕೀಳುವುದು ಕಡಿಯುವುದಕ್ಕಿಂತ ಹೆಚ್ಚು ಕೂಲಿ ಬೇಡುವ ಕೆಲಸ. ಸೌದೆಯ ಬೆಲೆಯಲ್ಲಿ ಅದು ಹುಟ್ಟುವುದಿಲ್ಲ. ಇದ್ದಿಲಿನವನು ಅದನ್ನು ಕೊಡಲಾರ, ಜೋಳದ ಹೊಲದವನಿಗೂ ಶಕ್ತಿಯಿಲ್ಲ. ಬೆಳೆ ಹಾಳಾದ ಮೇಲೆ ಪರಿಹಾರವಾಗಿ ಹೋಗುವ ಹಣದಲ್ಲಿ ಒಂದು ಪಾಲನ್ನು ಮಳೆಗೆ ಮುಂಚೆಯೇ ಈ ಕೂಲಿಗೆ ಕೊಟ್ಟರೆ, ಸಿರುಗುಪ್ಪದ ರೈತನು ತನ್ನ ಹೊಲದ ಪಕ್ಕದ ಬಂಜರಿಗೆ ತಾನೇ ಗುದ್ದಲಿ ಹಿಡಿದು ಬಂದಾನು.