ಗಡಿಯಾರ ಜೇಬಿನಲ್ಲಿರಲಿ



ಕಳೆದ ಭಾನುವಾರ ಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಮಾತಾಡುತ್ತಾ ನಿಂತಿದ್ದಾಗ ನಮ್ಮ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಹೊಸೂರಿನಿಂದ ಕೃಷ್ಣಗಿರಿಗೆ ಬೈಕಿನಲ್ಲಿ 28 ನಿಮಿಷ! ಸುತ್ತಲಿದ್ದವರು ಬೆನ್ನು ತಟ್ಟಿದರು. ನಾನೂ ನಕ್ಕೆ. ಮನೆಗೆ ಬಂದು ಲೆಕ್ಕ ಹಾಕಿದಾಗ ಆ ನಗು ಉಳಿಯಲಿಲ್ಲ. ದೂರ ಸುಮಾರು 50 ಕಿಲೋಮೀಟರ್. ಅಂದರೆ ಶೂಲಗಿರಿಯ ಜನಜಂಗುಳಿಯೂ ಸೇರಿ ಅವನ ಸರಾಸರಿ ವೇಗ ಗಂಟೆಗೆ 100 ಕಿ.ಮೀ. ದಾಟಿತ್ತು.

"ಇದು ನಮ್ಮ ನ್ಯೂರ್ಬರ್ಗ್‌ರಿಂಗ್ ಅಣ್ಣಾ" ಎಂದಿದ್ದ ಅವನು. ಹಾಗಾದರೆ ಆ ನ್ಯೂರ್ಬರ್ಗ್‌ರಿಂಗ್ ಹೇಗಿದೆ ಎಂದು ನೋಡೋಣ.

ಜರ್ಮನಿಯ ಐಫೆಲ್ ಬೆಟ್ಟಗಳ ನಡುವೆ 1927ರಲ್ಲಿ ಆರಂಭವಾದ ರೇಸ್ ಟ್ರ್ಯಾಕ್ ಅದು. ಅದರ ಉತ್ತರ ಭಾಗದ ಉದ್ದ 20.8 ಕಿ.ಮೀ. ಕಾಡಿನೊಳಗೆ ಏರುತ್ತಾ ಇಳಿಯುತ್ತಾ ಸಾಗುವ ಆ ದಾರಿಗೆ ರೇಸಿಂಗ್ ಚಾಂಪಿಯನ್ ಜಾಕಿ ಸ್ಟೀವರ್ಟ್ ಇಟ್ಟ ಹೆಸರು 'ಹಸಿರು ನರಕ'. ನಿಗದಿತ ದಿನಗಳಲ್ಲಿ ಟಿಕೆಟ್ ಕೊಂಡು ಯಾರು ಬೇಕಾದರೂ ತಮ್ಮ ಕಾರು ಓಡಿಸಬಹುದು. ಆದರೆ ಆಗ ಅಲ್ಲಿ ನಡೆಯುವುದು ರೇಸ್ ಅಲ್ಲ, ರಸ್ತೆಯ ಕಾನೂನು. ಎಲ್ಲರೂ ಒಂದೇ ದಿಕ್ಕಿಗೆ ಹೋಗಬೇಕು. ಹಿಂದಿಕ್ಕುವುದು ಎಡಗಡೆಯಿಂದ ಮಾತ್ರ. ತಡೆಬೇಲಿಗೆ ಗುದ್ದಿದರೆ ಅದರ ಖರ್ಚು ನಿಮ್ಮದೇ. ಮುಖ್ಯವಾಗಿ, ಒಂದು ಸುತ್ತಿಗೆ ಎಷ್ಟು ಸಮಯ ಹಿಡಿಯಿತು ಎಂದು ಅಳೆಯುವುದೇ ನಿಷಿದ್ಧ!

ನಾವು ಹೆಮ್ಮೆಯಿಂದ ಹಂಚುವುದನ್ನೇ ಅವರು ಬೇಡ ಎಂದಿದ್ದಾರೆ. ಕಾರಣ ಸರಳ. ಕೈಯಲ್ಲಿ ಗಡಿಯಾರ ಇದ್ದವನಿಗೆ ಎದುರಿನ ಮನುಷ್ಯ ಮನುಷ್ಯನಾಗಿ ಕಾಣುವುದಿಲ್ಲ, ಅಡ್ಡಿಯಾಗಿ ಕಾಣುತ್ತಾನೆ.

ನಮ್ಮ ಹೆದ್ದಾರಿಯಲ್ಲಿ ಆ 'ಅಡ್ಡಿ' ಯಾರು? ಗುಲಾಬಿ ಹೂವಿನ ಮೂಟೆ ಹೊತ್ತು ಮಾರುಕಟ್ಟೆಗೆ ಹೊರಟ ಟಿವಿಎಸ್ ಮೊಪೆಡ್ಡಿನ ರೈತ. ಟೊಮೇಟೊ ತುಂಬಿದ ಮಿನಿ ಲಾರಿಯ ಚಾಲಕ. ಆಡು ಹಿಡಿದು ರಸ್ತೆ ದಾಟುವ ಅಜ್ಜಿ. ಪಾಳಿ ಮುಗಿಸಿ ಬರುವ ನಮ್ಮದೇ ಧರ್ಮಕೇಂದ್ರದ ಅಕ್ಕ. ಇವರಲ್ಲಿ ಯಾರೂ ರೇಸಿಗೆ ಹೆಸರು ಕೊಟ್ಟವರಲ್ಲ.

ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲವೇ 5,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಆದರೆ ದಂಡಕ್ಕೆ ಹೆದರಿ ನಿಧಾನವಾಗಿ ಹೋಗಿ ಎಂದು ನಾನು ಹೇಳುತ್ತಿಲ್ಲ. ವೇಗದ ಆಸೆ ಪಾಪವೂ ಅಲ್ಲ. ಅದಕ್ಕೆ ಬೇರೆ ಜಾಗವಿದೆ. ನಮ್ಮ ಹೊಸೂರಿನ ಟಿವಿಎಸ್ ಕಾರ್ಖಾನೆ ಕೂಡ ಬೈಕುಗಳ ಪರೀಕ್ಷೆಗೆ ತನ್ನದೇ ಟ್ರ್ಯಾಕ್ ಇಟ್ಟುಕೊಂಡಿದೆ. ಚೆನ್ನೈ ದಾರಿಯ ಇರುಂಗಾಟ್ಟುಕೋಟೈಯಲ್ಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ತರಬೇತಿ ಪಡೆಯಬಹುದು. ಅಲ್ಲೂ ಅಪಾಯ ಇಲ್ಲವೆಂದಲ್ಲ. 2023ರ ಆಗಸ್ಟಿನಲ್ಲಿ ಇರುಂಗಾಟ್ಟುಕೋಟೈಯಲ್ಲಿ ಬೆಂಗಳೂರಿನ 13 ವರ್ಷದ ಬಾಲಕ ರೇಸಿನ ನಡುವೆ ಬಿದ್ದು ತೀರಿಕೊಂಡ. ಎಲ್ಲ ಸಿದ್ಧತೆ ಇದ್ದ ಕಡೆಯೇ ಹೀಗಾದರೆ, ಏನೂ ಇಲ್ಲದ ಹೆದ್ದಾರಿಯ ಪಾಡೇನು?

1976ರ ಆಗಸ್ಟ್ 1ರಂದು ನ್ಯೂರ್ಬರ್ಗ್‌ರಿಂಗ್‌ನಲ್ಲಿ ವಿಶ್ವ ಚಾಂಪಿಯನ್ ನಿಕಿ ಲೌಡಾ ಅವರ ಕಾರು ಗುದ್ದಿ ಹೊತ್ತಿಕೊಂಡಿತು. ಹಿಂದೆ ಬರುತ್ತಿದ್ದ ಮೆರ್ಜಾರಿಯೊ, ಎಡ್ವರ್ಡ್ಸ್, ಲಂಗರ್, ಎರ್ಟ್ಲ್ ತಮ್ಮ ಕಾರಿನಿಂದ ಇಳಿದು, ಬೆಂಕಿಗೆ ಕೈಹಾಕಿ ಅವರನ್ನು ಹೊರಗೆಳೆದರು. ಆಸ್ಪತ್ರೆಯಲ್ಲಿ ಗುರುಗಳು ಬಂದು ಅಂತಿಮ ಸಂಸ್ಕಾರ ಕೊಟ್ಟರು. ಆದರೂ ಲೌಡಾ ಬದುಕಿದರು, ಆರೇ ವಾರಗಳಲ್ಲಿ ಮತ್ತೆ ರೇಸಿಗೆ ಇಳಿದರು. ಅವರನ್ನು ಉಳಿಸಿದ್ದು ಅಂದು ಗಡಿಯಾರ ಮರೆತ ನಾಲ್ವರು.

ಮುಂದಿನ ತಿಂಗಳು ಯುವಜನರೆಲ್ಲ ಕೃಷ್ಣಗಿರಿ ಅಣೆಕಟ್ಟೆಗೆ ಹೊರಟಿದ್ದೇವಲ್ಲ, ನನ್ನದೊಂದು ಸಲಹೆ. ಎಲ್ಲರೂ ಹೆಲ್ಮೆಟ್ ಹಾಕೋಣ. ನಮ್ಮಲ್ಲಿ ಅತಿ ನಿಧಾನವಾಗಿ ಓಡಿಸುವವರನ್ನು ಮುಂದೆ ಬಿಡೋಣ. ಎಷ್ಟು ಹೊತ್ತಿಗೆ ತಲುಪಿದೆವು ಎಂದು ಯಾರೂ ಕೇಳುವುದು ಬೇಡ. ಸಂಜೆ ಮನೆಯಲ್ಲಿ ಅಮ್ಮ ಕೇಳುವುದು ಒಂದೇ ಮಾತು: "ಎಲ್ಲರೂ ಬಂದರಾ?" ಅದಕ್ಕೆ ಹೌದು ಎನ್ನುವಂತಾದರೆ ಸಾಕು.