ಮತ್ತೆ ಅದೇ ಪುಸ್ತಕ ಬೇಕಂತಾ? ಓದಿಬಿಡಿ!

"ಅಮ್ಮಾ, ಇದೇ ಓದು!"

ದಿನವಿಡೀ ಆಫೀಸು, ಅಡುಗೆಮನೆ ಎಂದು ಓಡಾಡಿ, ಪಾತ್ರೆ ತೊಳೆದಿಟ್ಟು, ಇನ್ನೇನು ಹಾಸಿಗೆಗೆ ಬೆನ್ನು ತಾಗಿಸಬೇಕು ಎನ್ನುವಷ್ಟರಲ್ಲಿ ಪುಟ್ಟಿ ಪುಸ್ತಕ ಹಿಡಿದು ಹಾಜರು. ಯಾವ ಪುಸ್ತಕ? ನಿನ್ನೆ ಓದಿದ್ದೇ. ಮೊನ್ನೆ ಓದಿದ್ದೂ ಅದೇ. ಮೂಲೆಗಳೆಲ್ಲ ಮುದುರಿವೆ, ನಡುವಿನ ಹಾಳೆಗೆ ಸೆಲ್ಲೋಟೇಪ್ ಹಚ್ಚಿದ್ದಾಗಿದೆ. "ಅಯ್ಯೋ, ಮತ್ತೆ ಅದೇನಾ? ಹೊಸದು ತಂದಿದೀನಲ್ಲ, ಅದನ್ನ ಓದೋಣ ಬಾರೇ" ಎಂದು ನೀವು ಪುಸಲಾಯಿಸುತ್ತೀರಿ. ಅವಳು ಕೇಳಬೇಕಲ್ಲ! ಬೇಗ ಮುಗಿಸೋಣ ಅಂತ ಒಂದು ಪುಟ ಹಾರಿಸಿದಿರೋ, ಇನ್ನೂ ಅಕ್ಷರವೇ ಬಾರದ ಆ ಮೂರು ವರ್ಷದ ಪೋರಿ ಕೂಡಲೇ ನಿಮ್ಮನ್ನು ಹಿಡಿದು ಹಾಕುತ್ತಾಳೆ.

ಇದು ನಿಮ್ಮ ಮನೆಯ ಕಥೆ ಮಾತ್ರ ಅಲ್ಲ, ಪುಟ್ಟ ಮಕ್ಕಳಿರುವ ಎಲ್ಲ ಮನೆಗಳದ್ದೂ ಹೌದು. ಆದರೆ ಇಲ್ಲೇ ನಾವು ತಾಯಂದಿರು ಸ್ವಲ್ಪ ಎಡವುತ್ತೇವೆ ಎಂದು ನನಗನ್ನಿಸುತ್ತದೆ. ಮಗುವಿಗೆ ಪುಸ್ತಕ ಎಂದರೆ ನಮ್ಮ ತಲೆಯಲ್ಲಿ ಮೊದಲು ಬರುವುದು 'ಇದರಿಂದ ಏನು ಕಲೀತಾಳೆ?' ಎಂಬ ಲೆಕ್ಕಾಚಾರ. ಎ ಬಿ ಸಿ ಇರಬೇಕು, ಒಂದು ಎರಡು ಇರಬೇಕು, ಕೊನೆಗೊಂದು ನೀತಿ ಇರಬೇಕು. ಎಲ್‌ಕೆಜಿ ಸಂದರ್ಶನಕ್ಕೆ ಉಪಯೋಗಕ್ಕೆ ಬಂದರಂತೂ ಇನ್ನೂ ಒಳ್ಳೆಯದು. ಮಗುವೋ, ಅದೆಲ್ಲ ಬಿಟ್ಟು ನಾಯಿಮರಿ ಕೆಸರಿಗೆ ಬಿದ್ದ ಪುಟವನ್ನೇ ತೆಗೆದು ಕೂರುತ್ತದೆ! ನನ್ನ ಅಭಿಪ್ರಾಯ ಇಷ್ಟೇ: ಮನೆಗೆ ಯಾವ ಪುಸ್ತಕ ಬರಬೇಕು ಎಂಬುದನ್ನು ನೀವು ಆರಿಸಿ. ಬಂದ ಮೇಲೆ ಅದರಲ್ಲಿ ಯಾವುದು ಅಚ್ಚುಮೆಚ್ಚಾಗಬೇಕು ಎಂಬುದನ್ನು ಮಾತ್ರ ಮಗುವಿಗೇ ಬಿಡಿ.

ದೊಡ್ಡವರ ತೀರ್ಮಾನ ಎಷ್ಟು ತಪ್ಪಬಹುದು ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಕೇಳಿ. ಮಾರ್ಗರೆಟ್ ವೈಸ್ ಬ್ರೌನ್ ಬರೆದು ಕ್ಲೆಮೆಂಟ್ ಹರ್ಡ್ ಚಿತ್ರ ಬಿಡಿಸಿದ 'ಗುಡ್‌ನೈಟ್ ಮೂನ್' ಎಂಬ ಚಿತ್ರಪುಸ್ತಕ 1947ರಲ್ಲಿ ಹೊರಬಂತು. ಅದರಲ್ಲಿ ಹೇಳಿಕೊಳ್ಳುವಂಥ ಕಥೆಯೇನೂ ಇಲ್ಲ. ಮಲಗಲು ಹೊರಟ ಮೊಲದ ಮರಿಯೊಂದು ಕೋಣೆಯಲ್ಲಿರುವ ವಸ್ತುಗಳಿಗೆಲ್ಲ ಒಂದೊಂದಾಗಿ ಶುಭರಾತ್ರಿ ಹೇಳುತ್ತದೆ, ಅಷ್ಟೇ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗವನ್ನು ಕಟ್ಟಿ ಬೆಳೆಸಿದ ಆನ್ ಕ್ಯಾರಲ್ ಮೂರ್ ಅವರಿಗೆ ಈ ಪುಸ್ತಕ ಹಿಡಿಸಲಿಲ್ಲ. ಅವರು ಅಷ್ಟರಲ್ಲಾಗಲೇ ನಿವೃತ್ತರಾಗಿದ್ದರೂ ಅಲ್ಲಿ ಅವರ ಮಾತಿಗೆ ತೂಕವಿತ್ತು. 1972ರವರೆಗೆ ಆ ಪುಸ್ತಕ ಆ ಗ್ರಂಥಾಲಯದ ಕಪಾಟು ಸೇರಲೇ ಇಲ್ಲ!

ಮಕ್ಕಳು ಏನು ಮಾಡಿದರು? ಅದನ್ನೇ ಅಪ್ಪಿಕೊಂಡು ಮಲಗಿದರು. ಪುಸ್ತಕ ಇಂದಿಗೂ ಅಚ್ಚಾಗುತ್ತಿದೆ. ಅದೇ ಗ್ರಂಥಾಲಯ 2020ರಲ್ಲಿ ತನ್ನ 125 ವರ್ಷಗಳ ಇತಿಹಾಸದಲ್ಲಿ ಓದುಗರು ಅತಿ ಹೆಚ್ಚು ಬಾರಿ ಮನೆಗೊಯ್ದ ಹತ್ತು ಪುಸ್ತಕಗಳ ಪಟ್ಟಿ ಪ್ರಕಟಿಸಿತು. ಮೊದಲ ಸ್ಥಾನ ಯಾವುದಕ್ಕೆ ಗೊತ್ತೇ? ದೊಡ್ಡವರ ಕಾದಂಬರಿಗಲ್ಲ. ಕಪ್ಪು ವರ್ಣದ ಪುಟ್ಟ ಹುಡುಗನೊಬ್ಬ ಹಿಮದಲ್ಲಿ ಆಡುವ 'ದಿ ಸ್ನೋಯಿ ಡೇ' ಎಂಬ ಚಿತ್ರಪುಸ್ತಕಕ್ಕೆ. 1962ರಲ್ಲಿ ಎಜ್ರಾ ಜ್ಯಾಕ್ ಕೀಟ್ಸ್ ರಚಿಸಿದ ಅದು 4,85,000ಕ್ಕೂ ಹೆಚ್ಚು ಬಾರಿ ಎರವಲು ಹೋಗಿತ್ತು. 'ಗುಡ್‌ನೈಟ್ ಮೂನ್' ಪಟ್ಟಿಯಲ್ಲಿರಲಿಲ್ಲ. ಇಪ್ಪತ್ತೈದು ವರ್ಷ ಹೊರಗಿಟ್ಟಿದ್ದೇ ಇದಕ್ಕೆ ಕಾರಣವೆಂದು ಹೇಳಿ, ಗ್ರಂಥಾಲಯ ಅದಕ್ಕೆ ಬೇರೆಯಾಗಿ ಗೌರವ ಸಲ್ಲಿಸಿತು.

ಹಾಗಾದರೆ ಮಕ್ಕಳಿಗೆ ಅದರಲ್ಲಿ ಕಂಡದ್ದೇನು? ನಾವು ಅಕ್ಷರ ನೋಡುತ್ತೇವೆ, ಅವರು ಚಿತ್ರ ನೋಡುತ್ತಾರೆ. ಆ ಕೋಣೆಯ ಬಣ್ಣದ ಚಿತ್ರಗಳಲ್ಲೆಲ್ಲ ಒಂದು ಪುಟ್ಟ ಇಲಿ ಇದೆ, ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ. ಗಡಿಯಾರದ ಮುಳ್ಳು ಪುಟದಿಂದ ಪುಟಕ್ಕೆ ಮುಂದೆ ಸರಿಯುತ್ತದೆ. ಓದುವ ಅಮ್ಮನ ಕಣ್ಣಿಗೆ ಅದು ಬೀಳದಿರಬಹುದು, ಮಗುವಿನ ಕಣ್ಣು ತಪ್ಪಿಸದು. ಪುಸ್ತಕ ಓದಿಸಿಕೊಳ್ಳುವ ನಾಲ್ಕೈದು ವರ್ಷದ ಮಕ್ಕಳ ಕಣ್ಣಿನ ಚಲನೆಯನ್ನು ಕೆನಡಾದ ಸಂಶೋಧಕರು ಅಳೆದು 2005ರಲ್ಲಿ ಪ್ರಕಟಿಸಿದರು. ಮಕ್ಕಳು ಹೆಚ್ಚೂಕಡಿಮೆ ಪೂರ್ತಿ ಸಮಯ ಚಿತ್ರವನ್ನೇ ನೋಡುತ್ತಿದ್ದರು, ಅಕ್ಷರದ ಕಡೆ ಗಮನ ಇದ್ದದ್ದು ತೀರಾ ಕಡಿಮೆ. ಅಂದರೆ ನೀವು ಓದಿ ಬೇಸತ್ತ ಪುಸ್ತಕವೇ ಬೇರೆ, ಮಗು ನೋಡುತ್ತಿರುವ ಪುಸ್ತಕವೇ ಬೇರೆ!

ಸರಿ, ಆದರೂ ಅದೇ ಅದೇ ಕೇಳಿದರೆ ಮಗುವಿನ ಬುದ್ಧಿ ಬೆಳೆಯುವುದು ಹೇಗೆ ಎಂದು ಕೇಳುವಿರಾ? ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ್ದಾರೆ. ಮೂರು ವರ್ಷದ ಮಕ್ಕಳಲ್ಲಿ ಕೆಲವರಿಗೆ ಒಂದು ವಾರದ ಅವಧಿಯಲ್ಲಿ ಅವೇ ಕಥೆಗಳನ್ನು ಮತ್ತೆ ಮತ್ತೆ ಓದಿದರು. ಉಳಿದವರಿಗೆ ಬೇರೆ ಬೇರೆ ಕಥೆಗಳನ್ನು ಓದಿದರು. ಕಥೆಯೊಳಗಿನ ಹೊಸ ಪದಗಳನ್ನು ಇಬ್ಬರೂ ಕೇಳಿದ್ದು ಸಮನಾಗಿಯೇ. ಕೊನೆಗೆ ಪದಗಳನ್ನು ಚೆನ್ನಾಗಿ ನೆನಪಿಟ್ಟುಕೊಂಡವರು ಅದೇ ಕಥೆ ಕೇಳಿದ ಮಕ್ಕಳು. ಇದರಲ್ಲಿ ಆಶ್ಚರ್ಯವಿಲ್ಲ. ಮೊದಲ ಸಲ ಮಗು 'ಏನಾಯ್ತು' ಅಂತ ಹಿಡಿಯುತ್ತದೆ. ಎರಡನೆಯ ಸಲ 'ಯಾಕಾಯ್ತು' ಅಂತ. ಮೂರನೆಯ ಸಲಕ್ಕೆ ಪದಗಳ ಕಡೆ ಕಿವಿ ಹೋಗುತ್ತದೆ. ನಾವೂ ಇಷ್ಟದ ಹಾಡನ್ನು ಒಂದೇ ಸಲ ಕೇಳಿ ಬಿಡುತ್ತೇವೆಯೇ?

ಇನ್ನೊಂದು ಗುಟ್ಟಿದೆ. 'ಮುಂದೇನು' ಎಂದು ಮೊದಲೇ ಗೊತ್ತಿರುವ ಸುಖ. ಮಗುವಿನ ದಿನದಲ್ಲಿ ಅದರ ಕೈಯಲ್ಲಿರುವುದು ಏನು ಹೇಳಿ? ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ಅಂಗಿ ತೊಡಬೇಕು, ಎಲ್ಲ ನಮ್ಮ ಅಪ್ಪಣೆ. ಪುಸ್ತಕದಲ್ಲಿ ಮಾತ್ರ ಮುಂದಿನ ಪುಟ ಏನೆಂದು ಅದಕ್ಕೇ ಗೊತ್ತು, ಅಲ್ಲಿ ಅದೇ ಯಜಮಾನ. ಮಕ್ಕಳು ಮೆಚ್ಚಿದ ಪುಸ್ತಕಗಳನ್ನು ತೆಗೆದು ನೋಡಿ, ಈ ಗುಣ ಕಾಣುತ್ತದೆ. ಎರಿಕ್ ಕಾರ್ಲ್ ಅವರ 1969ರ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್'ನಲ್ಲಿ ಕಂಬಳಿಹುಳ ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರ್ ಹಣ್ಣು ಹೀಗೆ ತಿನ್ನುತ್ತಾ ಹೋಗುತ್ತದೆ. ತಿಂದ ಕಡೆಯೆಲ್ಲ ಹಾಳೆಯಲ್ಲಿ ನಿಜವಾದ ತೂತು! ಬೆರಳು ತೂರಿಸದ ಮಗುವುಂಟೇ?

ನಮ್ಮಲ್ಲೂ ಇಂಥವಿವೆ. ರೋಹಿಣಿ ನಿಲೇಕಣಿಯವರು 'ನೋನಿ' ಎಂಬ ಹೆಸರಿನಲ್ಲಿ ಬರೆದ, ಬೆಂಗಳೂರಿನ ಪ್ರಥಮ್ ಬುಕ್ಸ್ ತಂದ ಶೃಂಗೇರಿ ಶ್ರೀನಿವಾಸನ ಕಥೆ ನೋಡಿ. ಉದ್ದ ಕೂದಲಿನ ಶ್ರೀನಿವಾಸ ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳಲು ಹೊರಡುತ್ತಾನೆ. ಯಾರ ಬಳಿ ಹೋದರೂ ಅವರಿಗೆ ಬಿಡುವಿಲ್ಲ. ಕೊನೆಗೊಂದು ಹುಲಿ ಬರಬೇಕಾಗುತ್ತದೆ. 'ಈಗಲೂ ಆಗಲ್ಲ ಅಂತಾರೆ' ಎಂದು ಮಗು ಮೊದಲೇ ಹೇಳಿ ನಗಲು ಶುರು ಮಾಡಿದರೆ, ಕಥೆಯ ಜಾಡು ಅದಕ್ಕೆ ಸಿಕ್ಕಿತೆಂದೇ ಅರ್ಥ.

'ಹಾಗಂತ ಏನು ಕೇಳಿದರೂ ಓದಬೇಕಾ?' ಖಂಡಿತ ಇಲ್ಲ. ಕಪ್ಪಗಿರುವವರೆಲ್ಲ ರಾಕ್ಷಸರು, ದಪ್ಪಗಿರುವವರೆಲ್ಲ ಪೆದ್ದರು, ಹುಡುಗಿ ಎಂದರೆ ಅಡುಗೆಮನೆ ಎನ್ನುವ ಪುಸ್ತಕಗಳನ್ನು ಬಾಗಿಲಲ್ಲೇ ತಡೆಯಿರಿ. ಅಂಗಡಿಯಲ್ಲಿ ಕೊಳ್ಳುವ ಮೊದಲು ನಿಂತು ಪೂರ್ತಿ ಓದಿ, ಐದು ನಿಮಿಷ ಸಾಕು. ಈಗಾಗಲೇ ಮನೆಯಲ್ಲಿದ್ದು ಮಗುವಿಗೆ ಇಷ್ಟವಾಗಿಬಿಟ್ಟಿದ್ದರೆ ಕಿತ್ತುಕೊಳ್ಳಬೇಡಿ, 'ಇದು ಸರೀನಾ ಪುಟ್ಟಾ?' ಎಂದು ಮಾತಾಡಿ. ಆದರೆ 'ಇದರಲ್ಲಿ ಕಲಿಯೋಕೆ ಏನೂ ಇಲ್ಲ' ಎಂಬ ಒಂದೇ ಕಾರಣಕ್ಕೆ ಮಗುವಿನ ಪ್ರೀತಿಯ ಪುಸ್ತಕವನ್ನು ಅಟ್ಟಕ್ಕೆ ಹಾಕುವುದು ಮಾತ್ರ ಅನ್ಯಾಯ. 'ನನಗಿಷ್ಟವಾದದ್ದಕ್ಕೆ ಬೆಲೆ ಇಲ್ಲ' ಎಂದು ಮಗು ಆಗಲೇ ಕಲಿತುಬಿಡುತ್ತದೆ. ಮುಂದೆ ಹತ್ತು ವರ್ಷಕ್ಕೆ 'ನಮ್ಮ ಹುಡುಗ ಪಠ್ಯ ಬಿಟ್ಟು ಒಂದು ಪುಸ್ತಕ ಮುಟ್ಟಲ್ಲ' ಎಂದು ಗೋಳಾಡಿ ಏನು ಪ್ರಯೋಜನ?

ಒಂದಿಷ್ಟು ಸಲಹೆ, ಹೀಗೆ ಮಾಡಿ ನೋಡಿ:

* ಪುಸ್ತಕಗಳನ್ನು ಎತ್ತರದ ಶೋಕೇಸಿನಲ್ಲಿಡಬೇಡಿ. ಮುಖಪುಟ ಕಾಣುವಂತೆ, ಮಗುವಿನ ಕೈಗೆಟುಕುವ ಕಡೆ ಇಡಿ. ಹರಿದರೆ ಅಂಟಿಸೋಣ, ಬಿಡಿ.

* ಹಳೆಯ ಮೆಚ್ಚಿನದನ್ನು ಓದಿದ ಮೇಲೆ ಹೊಸದೊಂದನ್ನು ಪಕ್ಕದಲ್ಲಿ ಸುಮ್ಮನೆ ಬಿಟ್ಟಿರಿ. 'ಇದು ಓದು' ಎಂದು ಒತ್ತಾಯ ಬೇಡ.

* ಓದುವಾಗ 'ಇದೇನು ಬಣ್ಣ? ಎಷ್ಟಿವೆ ಎಣಿಸು' ಎಂಬ ಪರೀಕ್ಷೆ ಬೇಡ. ಮಗು ಬೆರಳಿಟ್ಟು ತೋರಿಸಿದ ಕಡೆ ನೀವೂ ನೋಡಿ.

* ಕೊನೆಯ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಮಗುವೇ ಪೂರ್ತಿ ಮಾಡಲಿ.

* ಕನ್ನಡದ ಪುಸ್ತಕಗಳೂ ಇರಲಿ. ಇಂಗ್ಲಿಷಿನದು ಮಾತ್ರ ಇದ್ದರೆ ಅಜ್ಜಿ ತಾತ ಓದಿಹೇಳುವುದು ಕಷ್ಟವಾದೀತು. ನ್ಯಾಷನಲ್ ಬುಕ್ ಟ್ರಸ್ಟ್, ತೂಲಿಕಾ, ಪ್ರಥಮ್ ಬುಕ್ಸ್‌ನ ಕನ್ನಡ ಚಿತ್ರಪುಸ್ತಕಗಳು ಸಿಗುತ್ತವೆ. ಪ್ರಥಮ್‌ನವರು 2015ರಲ್ಲಿ ಶುರು ಮಾಡಿದ 'ಸ್ಟೋರಿವೀವರ್' ಜಾಲತಾಣದಲ್ಲಂತೂ ಉಚಿತವಾಗಿಯೇ ಓದಬಹುದು. ಓದು ಬಾರದ ಅಜ್ಜಿಯೂ ಚಿತ್ರ ನೋಡಿ ತನ್ನದೇ ಕಥೆ ಕಟ್ಟಬಲ್ಲಳು.

* ನಿಮಗೆ ನಿಜಕ್ಕೂ ಸುಸ್ತಾಗಿದೆಯೇ? 'ಇವತ್ತು ನೀನು ನನಗೆ ಓದಿ ಹೇಳು' ಎನ್ನಿ. ಇಲ್ಲವೇ ಅಪ್ಪನ ಮಡಿಲಿಗೆ ದಾಟಿಸಿ. ಕಥೆ ಹೇಳುವುದು ಅಮ್ಮನೊಬ್ಬಳದೇ ಕೆಲಸವೆಂದು ಎಲ್ಲಿಯೂ ಬರೆದಿಲ್ಲವಲ್ಲ!

ಈ ಹುಚ್ಚು ಶಾಶ್ವತವಲ್ಲ. ಒಂದು ದಿನ ಆ ಪುಸ್ತಕ ತಾನಾಗಿಯೇ ಕಪಾಟಿನ ಹಿಂದಕ್ಕೆ ಸರಿಯುತ್ತದೆ, ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಯಾವತ್ತು ಅಂತ ನಿಮಗೆ ಗೊತ್ತೂ ಆಗುವುದಿಲ್ಲ. ಮಗುವಿಗೆ ಆ ಕಥೆ ಮರೆತರೂ, ತಾನು ಆರಿಸಿ ತಂದದ್ದನ್ನು ಅಮ್ಮ ಬೇಡವೆನ್ನದೆ ಓದಿದಳು ಎಂಬುದು ಮನಸ್ಸಿನಲ್ಲಿ ಎಲ್ಲೋ ಉಳಿಯುತ್ತದೆ. ಅಲ್ಲಿಯವರೆಗೆ, ಸೆಲ್ಲೋಟೇಪಿನ ಸುರುಳಿ ಕೈಗೆಟುಕುವಲ್ಲೇ ಇರಲಿ!