ಕೆರೆಯ ಅಂಚು ಎಲ್ಲಿಂದ ಶುರು?

ಬೆಂಗಳೂರಿನ ಹೊರವಲಯದಲ್ಲಿ ನಿವೇಶನ ಮಾರುವವರಿಗೆ ಕೆರೆಯಷ್ಟು ಅಗ್ಗದ ಅಲಂಕಾರ ಮತ್ತೊಂದಿಲ್ಲ. ಪತ್ರಿಕೆಗಳ ಆಸ್ತಿ ಪುರವಣಿ ತೆರೆದರೆ ಸಾಕು, ‘ಲೇಕ್ ವ್ಯೂ’ ಎಂಬ ಎರಡು ಪದಗಳು ಚದರಡಿಯ ಬೆಲೆಯನ್ನು ಹೇಗೆ ಏರಿಸುತ್ತವೆ ಎಂಬುದು ಕಾಣುತ್ತದೆ. (ಇಂಥ ಜಾಹೀರಾತು ಹಾಗೂ ಕೆರೆ ಒತ್ತುವರಿಯ ವರದಿ ಒಂದೇ ದಿನದ ಸಂಚಿಕೆಯಲ್ಲಿ ಅಕ್ಕಪಕ್ಕ ಬರುವುದೂ ಹೊಸತಲ್ಲ.) ಆ ಬಡಾವಣೆಗೆ ಅನುಮೋದನೆ ನೀಡುವಾಗ ಯೋಜನಾ ಪ್ರಾಧಿಕಾರವು ಯಾವುದನ್ನು ಪರಿಶೀಲಿಸಿತು ಎಂಬ ಪ್ರಶ್ನೆ ಮಾತ್ರ ನಿವೇಶನ ಕೊಂಡವರ ಮನೆಯೊಳಗೆ ನೀರು ನುಗ್ಗುವವರೆಗೆ ಏಳುವುದಿಲ್ಲ.

2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಪ್ರತಿಷ್ಠಿತ ಬಡಾವಣೆಗಳಿಂದ ನಿವಾಸಿಗಳು ದೋಣಿ ಮತ್ತು ಟ್ರ್ಯಾಕ್ಟರುಗಳಲ್ಲಿ ಹೊರಬಂದರು. 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರದ ಸರದಿ. ಇವು ಯಾವುವೂ ಕೊಳೆಗೇರಿಗಳಲ್ಲ. ಸಾಲ ಮಾಡಿ, ದಾಖಲೆ ನೋಡಿ, ನೋಂದಣಿ ಶುಲ್ಕ ಕಟ್ಟಿ ಮನೆ ಕೊಂಡ ಮಧ್ಯಮ ಮತ್ತು ಮೇಲ್ಮಧ್ಯಮ ವರ್ಗದವರ ವಸತಿಗಳು. ಕಾಗದಗಳು ಸರಿಯಿದ್ದೂ ಮನೆ ಮುಳುಗಬಹುದಾದರೆ ಕಾಗದ ಪರಿಶೀಲನೆಯ ಕ್ರಮದಲ್ಲೇ ಏನೋ ಕೊರತೆಯಿರಬೇಕು.

ಈವರೆಗಿನ ಸಾರ್ವಜನಿಕ ಚರ್ಚೆ ಬಹುಪಾಲು ಮೀಟರುಗಳ ಸುತ್ತ ನಡೆದಿದೆ. 2007ರಲ್ಲಿ ಜಾರಿಗೆ ಬಂದ ‘ಪರಿಷ್ಕೃತ ಮಹಾಯೋಜನೆ 2015’ ಕೆರೆಯ ಸುತ್ತ 30 ಮೀಟರ್ ಮೀಸಲು ಅಂಚು ವಿಧಿಸಿತು. ರಾಜಕಾಲುವೆಗಳಿಗೆ ಅವುಗಳ ದರ್ಜೆಗೆ ತಕ್ಕಂತೆ 50, 25 ಮತ್ತು 15 ಮೀಟರ್. ಅಗರ ಹಾಗೂ ಬೆಳ್ಳಂದೂರು ಕೆರೆಗಳ ನಡುವಣ ನಿರ್ಮಾಣಗಳ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯಂಚನ್ನು 75 ಮೀಟರಿಗೆ ಏರಿಸಿತು. ಶಾಸನಬದ್ಧ ಮಹಾಯೋಜನೆಯನ್ನು ಬದಲಿಸುವ ಅಧಿಕಾರ ಮಂಡಳಿಗಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಆ ಆದೇಶವನ್ನು ಬದಿಗಿರಿಸಿತು. ಬಳಿಕ 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ತಿದ್ದುಪಡಿ ಮಸೂದೆ ಇನ್ನೊಂದು ದಿಕ್ಕು ಹಿಡಿಯಿತು: 100 ಎಕರೆ ಮೀರಿದ ಕೆರೆಗಳಿಗೆ 30 ಮೀಟರ್, ಚಿಕ್ಕವುಗಳಿಗೆ ವಿಸ್ತೀರ್ಣ ಇಳಿದಂತೆ ಅಂಚಿನಲ್ಲೂ ಇಳಿಕೆ. ಸಣ್ಣ ಕಟ್ಟೆಗಳೇ ತುಂಬಿ ದೊಡ್ಡ ಕೆರೆಗೆ ಹರಿಯುವ ಸರಪಳಿ ನಮ್ಮದು ಎಂಬುದನ್ನು ಈ ಲೆಕ್ಕಾಚಾರ ಮರೆತಂತಿದೆ.

ಆದರೆ ಮೀಟರುಗಳ ವಾದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ. ಯಾವ ಗೆರೆಯಿಂದ ಅಳೆಯುವುದು? ನಿಯಮದ ಪ್ರಕಾರ ಕಂದಾಯ ದಾಖಲೆಯಲ್ಲಿನ ಕೆರೆಯ ಎಲ್ಲೆಯಿಂದ. ಅಂದರೆ ಸರ್ವೇ ನಂಬರಿನ ಗಡಿಯಿಂದ. ನೀರಿಗೆ ಸರ್ವೇ ನಂಬರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕೋಡಿಯ ಮಟ್ಟ ಮಾತ್ರ. ಏರಿಯ ಕಡೆ ಕೆರೆಯ ಅಂಚು ಸ್ಪಷ್ಟ. ಅದರ ಎದುರು ದಿಕ್ಕಿನಲ್ಲಿ, ಹಿನ್ನೀರಿನ ಭಾಗದಲ್ಲಿ, ನೆಲ ತೀರಾ ನಿಧಾನವಾಗಿ ಏರುತ್ತದೆ. ನೂರು ಮೀಟರಿಗೆ ಒಂದು ಮೀಟರಿನ ಇಳಿಜಾರಿದ್ದರೆ, ನೀರು 30 ಸೆಂಟಿಮೀಟರ್ ಏರಿದಾಗ ದಡ 30 ಮೀಟರ್ ಹಿಂದೆ ಸರಿಯುತ್ತದೆ. ಎಲ್ಲೆಯವರೆಗೆ ತುಂಬಿದ ಕೆರೆಯಲ್ಲಿ, ಕಾನೂನು ಕೊಟ್ಟ ಇಡೀ ಅಂಚು ಒಂದಡಿ ನೀರಿನಲ್ಲಿ ಮುಗಿಯಿತು. ಕೋಡಿಯ ಬಾಯಿ ಕಸದಿಂದಲೋ ಕಿರಿದಾದ ಮೋರಿಯಿಂದಲೋ ಕಟ್ಟಿಕೊಂಡರೆ ಒಂದಡಿ ಏರಲು ಒಂದು ರಾತ್ರಿಯ ಮಳೆ ಸಾಕಾದೀತು. ಬಡಾವಣೆಗಳಿಗೆ ಸಲೀಸಾಗಿ ಒದಗುವುದು ಈ ಹಿನ್ನೀರಿನ ಸಮತಟ್ಟು ಜಮೀನು, ಇಲ್ಲವೇ ಏರಿಯ ಕೆಳಗಿನ ಹಳೆಯ ಅಚ್ಚುಕಟ್ಟಿನ ಗದ್ದೆ. ಗದ್ದೆ ಎಂದರೆ ನೀರು ನಿಲ್ಲಲೆಂದೇ ಮಟ್ಟ ಮಾಡಿದ ನೆಲ.

ಇನ್ನೊಂದು ಸೂಕ್ಷ್ಮ ಅದೇ ಮಹಾಯೋಜನೆಯ ನಿಯಮಾವಳಿಯೊಳಗಿದೆ. ಬಡಾವಣೆ ನಕ್ಷೆಯಲ್ಲಿ ಉದ್ಯಾನ ಮತ್ತು ಬಯಲಿಗೆ ಬಿಡಬೇಕಾದ ಜಾಗದ ಲೆಕ್ಕಕ್ಕೆ ಕೆರೆಯಂಚನ್ನೇ ಸೇರಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ. ಹೇಗಿದ್ದರೂ ಕಟ್ಟಲಾಗದ ನೆಲ ಉದ್ಯಾನವಾಗಿ ನಕ್ಷೆಯಲ್ಲಿ ಹಸಿರಾಗುತ್ತದೆ. ಉದ್ಯಾನಕ್ಕೆಂದು ಹೋಗಬೇಕಾಗಿದ್ದ ಒಣ ನೆಲ ನಿವೇಶನವಾಗಿ ಮಾರಾಟವಾಗುತ್ತದೆ. ಒಂದೇ ನೆಲ ಎರಡು ಕರ್ತವ್ಯಗಳನ್ನು ತೀರಿಸಿದಂತಾಯಿತು. ಪರಿಶೀಲನಾ ಟಿಪ್ಪಣಿಯಲ್ಲಿ ಎರಡರ ಮುಂದೆಯೂ ‘ಪಾಲಿಸಲಾಗಿದೆ’ ಎಂದು ಬರೆಯಲು ಅಧಿಕಾರಿಗೆ ಯಾವ ಅಡ್ಡಿಯೂ ಇಲ್ಲ, ಆತ ಪ್ರಾಮಾಣಿಕನೇ ಆಗಿದ್ದರೂ.

ಪರಿಶೀಲನೆಯ ಸರಣಿ ನೋಡಿ. ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಪ್ರಾಧಿಕಾರದ ನಕ್ಷೆ ಅನುಮೋದನೆ. ನೀರು, ಒಳಚರಂಡಿ, ವಿದ್ಯುತ್ ಸಂಸ್ಥೆಗಳ ನಿರಾಕ್ಷೇಪಣೆ ಪತ್ರಗಳು. ಪ್ರತಿಯೊಬ್ಬರೂ ತಮ್ಮ ಪಾಲಿನ ಕಾಗದವನ್ನಷ್ಟೇ ನೋಡುತ್ತಾರೆ. ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ಹರಿಯುವ ನೀರನ್ನು ಒಟ್ಟಾಗಿ ನೋಡುವ ಮೇಜು ಈ ಸರಣಿಯಲ್ಲಿಲ್ಲ. ಕೇಂದ್ರದ 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಬಡಾವಣೆಗಳ ಮಿತಿ 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ. ನೂರು ಎಕರೆಯ ನಿವೇಶನ ಬಡಾವಣೆ ಕೆರೆಯ ಪಕ್ಕದಲ್ಲೇ ಇದ್ದರೂ ವಿಸ್ತೀರ್ಣದ ಕಾರಣಕ್ಕೆ ಆ ಪರೀಕ್ಷೆಗೆ ಒಳಪಡುವುದಿಲ್ಲ. ಒಳಪಡುವ ದೊಡ್ಡ ವಸತಿ ಯೋಜನೆಗಳಿಗೂ ಅದೇ ಅಧಿಸೂಚನೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿತು. ಹಾಗಾಗಿ ಕೋಡಿ ಬಿದ್ದಾಗ ನೀರು ಎಲ್ಲಿ ಹರಿಯುತ್ತಿತ್ತು ಎಂದು ಬಲ್ಲ ಹಳ್ಳಿಯ ಹಿರಿಯರನ್ನು ಯಾರೂ ವಿಚಾರಿಸುವ ಪ್ರಸಂಗವೇ ಒದಗುವುದಿಲ್ಲ.

ಜಮೀನಿನ ಒಡೆಯರ ಅಳಲನ್ನೂ ಅಲ್ಲಗಳೆಯಲಾಗದು. ಅಂಚಿನೊಳಗಿನ ಪಟ್ಟಾ ಜಮೀನು ಅವರ ಸ್ವಂತದ್ದು. ಅಲ್ಲಿ ಮನೆ ಕಟ್ಟಬೇಡಿ ಎನ್ನುವ ಸರ್ಕಾರ ಪರಿಹಾರದ ಮಾತೆತ್ತುವುದಿಲ್ಲ. ಎರಡು ಎಕರೆಯ ಸಣ್ಣ ರೈತನಿಗೆ 30 ಮೀಟರ್ ಎಂದರೆ ಹಿಡುವಳಿಯ ದೊಡ್ಡ ಪಾಲೇ ಹೋದೀತು. ಅಭಿವೃದ್ಧಿ ಹಕ್ಕಿನ ವರ್ಗಾವಣೆಯಂಥ ಉಪಾಯಗಳು ರಸ್ತೆ ಅಗಲೀಕರಣಕ್ಕೆ ಸಲ್ಲುವುದಾದರೆ ಕೆರೆಯಂಚಿಗೆ ಏಕೆ ಸಲ್ಲಬಾರದು? ಅಂಚನ್ನೇ ಕುಗ್ಗಿಸುವುದು ಈ ಅಳಲಿಗೆ ಉತ್ತರವಾಗದು. ಅದರ ಲಾಭ ಬಹುಮಟ್ಟಿಗೆ ಸೇರುವುದು ಜಮೀನು ಕೊಂಡು ಕಾದು ಕುಳಿತವರಿಗೆ.

ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಐದು ನಗರ ಪಾಲಿಕೆಗಳು 2025ರಲ್ಲಿ ಅಸ್ತಿತ್ವಕ್ಕೆ ಬಂದಿವೆ. 2031ರ ಮಹಾಯೋಜನೆಯ ಕರಡನ್ನು ಸರ್ಕಾರ 2020ರಲ್ಲಿಯೇ ಹಿಂಪಡೆದಿತ್ತು. ಹೊಸ ಯೋಜನೆ ಬರುವ ತನಕ ಕಾಯದೆ ಆಡಳಿತಾತ್ಮಕವಾಗಿಯೇ ಮಾಡಬಹುದಾದ ಕೆಲಸ ಒಂದಿದೆ. ಕೆರೆಯ ಸಮೀಪದ ಪ್ರತಿ ಬಡಾವಣೆ ನಕ್ಷೆಯ ಮೇಲೆ ಹಳೆಯ ಗ್ರಾಮನಕ್ಷೆಯ ಹಳ್ಳ, ಕಾಲುವೆಗಳನ್ನೂ ಕೋಡಿಯ ಮಟ್ಟದ ಗೆರೆಯನ್ನೂ ಎಳೆದು, ಅನುಮೋದನೆಗೆ ಮುಂಚೆ ಪ್ರಕಟಿಸಿ, ಆಕ್ಷೇಪಣೆಗೆ ಒಂದು ತಿಂಗಳು ಕೊಡುವುದು. ಭೂಮಾಪನಕ್ಕೆ ಇದು ದೊಡ್ಡ ಖರ್ಚಿನ ಬಾಬತ್ತೂ ಅಲ್ಲ.

ನಿವೇಶನ ನೋಡಲು ಹೊರಟವರು ಅಷ್ಟರಲ್ಲಿ ಕಂದಾಯ ಇಲಾಖೆಯ ‘ದಿಶಾಂಕ್’ ಆ್ಯಪ್ ತೆರೆದು ತಾವು ನಿಂತ ನೆಲದ ಸರ್ವೇ ನಂಬರನ್ನು ತಿಳಿಯಬಹುದು. ಅದು ಕೆರೆಯೋ ಖರಾಬೋ ಖಾಸಗಿಯೋ ಎಂಬ ಸುಳಿವು ಅಲ್ಲಿ ಸಿಗುತ್ತದೆ. ಕೋಡಿ ಬಿದ್ದಾಗ ನೀರು ಎಷ್ಟು ದೂರ ಬರುತ್ತದೆ ಎಂಬ ಗೆರೆ ಸರ್ವೇ ನಕ್ಷೆಯಲ್ಲಿ ಇರುವಂಥದ್ದಲ್ಲ. ಅದಕ್ಕೆ ಕೆರೆಯನ್ನು ನೋಡಿಕೊಳ್ಳುವ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬೇಕು, ಮುಂಗಡ ಹಣ ಕೊಡುವ ಮೊದಲೇ.